ನೇರ ತರಗತಿಯೋ, ವಿಡಿಯೊ ಪಾಠವೋ, ಕ್ವಿಜ್ಜೋ? ಅಧ್ಯಾಪಕರಿಗೊಂದು ಹೋಲಿಕೆಯ ಮಾರ್ಗದರ್ಶಿ

ವಿಶ್ವವಿದ್ಯಾಲಯದ ಅಧ್ಯಾಪಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಧಾಟಿಯದು. "ವಿದ್ಯಾರ್ಥಿಗಳು ಆನ್‌ಲೈನ್ ತರಗತಿಯಲ್ಲಿ ಇದ್ದೂ ಇಲ್ಲದಂತಿರುತ್ತಾರೆ. ಯಾವ ಆ್ಯಪ್ ಬಳಸಿದರೆ ಅವರು ಬಾಯಿ ಬಿಡುತ್ತಾರೆ?" ಪ್ರಶ್ನೆಯ ಬೆನ್ನಿಗೇ ಹೆಸರುಗಳ ಪಟ್ಟಿಯೂ ಬರುತ್ತದೆ: ಜೂಮ್, ಗೂಗಲ್ ಮೀಟ್, ಮೂಡಲ್, ಕಹೂಟ್, ಮೆಂಟಿಮೀಟರ್, ಕೋರ್ಸೆರಾ. ಇವನ್ನು ಸಾಲಾಗಿ ನಿಲ್ಲಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವ ಲೇಖನಗಳಿಗೆ ಬರವಿಲ್ಲ. ನಾನು ಆ ಕೆಲಸಕ್ಕೆ ಕೈಹಾಕುವುದಿಲ್ಲ. ಜೂಮ್ ಇರುವುದು ವಿಡಿಯೊ ಸಭೆಗೆ, ಕಹೂಟ್ ಇರುವುದು ಕ್ವಿಜ್ ಆಟಕ್ಕೆ; ಅವು ಒಂದೇ ಉದ್ದೇಶಕ್ಕೆ ಹುಟ್ಟಿದವಲ್ಲ. ಅವೆರಡರ ನಡುವೆ ಗೆದ್ದವರು ಯಾರು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಹೋಲಿಸಬೇಕಾದದ್ದು ವಿಧಾನಗಳನ್ನು. ವಿಧಾನ ತೀರ್ಮಾನವಾದರೆ ಆ್ಯಪ್ ಆಯ್ಕೆಗೆ ಅರ್ಧ ಗಂಟೆ ಸಾಕು.

ಮೊದಲು ಅಳತೆಗೋಲುಗಳನ್ನು ನೋಡೋಣ.

ಏನನ್ನು ನೋಡಿ ಆರಿಸಬೇಕು

ಮೊದಲ ಪ್ರಶ್ನೆ: ಈ ವಿಧಾನದಲ್ಲಿ ವಿದ್ಯಾರ್ಥಿಗಳು ಏನು ಮಾಡುತ್ತಾರೆ? ನೋಡುತ್ತಾರೆಯೇ, ಆರಿಸುತ್ತಾರೆಯೇ, ಬರೆಯುತ್ತಾರೆಯೇ, ಬಿಡಿಸುತ್ತಾರೆಯೇ, ಇನ್ನೊಬ್ಬರಿಗೆ ವಿವರಿಸುತ್ತಾರೆಯೇ? ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ ಕುರಿತ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದು 2014ರಲ್ಲಿ ಪ್ರಕಟವಾಯಿತು. ಬರೀ ಉಪನ್ಯಾಸ ಕೇಳಿದವರು, ತರಗತಿಯಲ್ಲಿ ಏನಾದರೂ ಮಾಡುತ್ತ ಕಲಿತವರಿಗಿಂತ ಒಂದೂವರೆ ಪಟ್ಟು ಹೆಚ್ಚಾಗಿ ಅನುತ್ತೀರ್ಣರಾಗುತ್ತಿದ್ದರು. ಮಾಡುತ್ತ ಕಲಿತವರ ಪರೀಕ್ಷಾ ಅಂಕಗಳು ಸರಾಸರಿ ಶೇ 6ರಷ್ಟು ಮೇಲಿದ್ದವು. ಇದರ ಜತೆಗೆ ಓದಬೇಕಾದ ಇನ್ನೊಂದು ಅಧ್ಯಯನವಿದೆ, 2019ರದ್ದು, ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳದ್ದು. ಅಲ್ಲಿ ಚಟುವಟಿಕೆಯಿಂದ ಕಲಿತ ವಿದ್ಯಾರ್ಥಿಗಳು ನಿಜವಾಗಿ ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ಸೊಗಸಾದ ಉಪನ್ಯಾಸ ಕೇಳಿದವರ ಅನಿಸಿಕೆ ಇದಕ್ಕೆ ತದ್ವಿರುದ್ಧ. ಹಾಗಾಗಿ "ಇಷ್ಟವಾಯಿತೇ?" ಎಂಬ ಪ್ರಶ್ನಾವಳಿಯೊಂದನ್ನೇ ನಂಬಿ ವಿಧಾನವನ್ನು ಉಳಿಸುವುದಾಗಲಿ ಕೈಬಿಡುವುದಾಗಲಿ ಬೇಡ.

ಎರಡನೆಯದನ್ನು ಬಹುತೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ: ವಿದ್ಯಾರ್ಥಿಗಳು ಮಾಡಿದ್ದನ್ನು ಯಾರು ನೋಡುತ್ತಾರೆ? 120 ಜನರ ತರಗತಿಗೆ ವಾರಕ್ಕೊಂದು ಪುಟ ಬರೆಯಲು ಹೇಳಿದಿರಿ ಎನ್ನಿ. ಒಂದೊಂದಕ್ಕೆ ಮೂರು ನಿಮಿಷ ಎಂದರೂ ಆರು ಗಂಟೆಯ ಓದು. ನಾಲ್ಕನೆಯ ವಾರಕ್ಕೆ ಓದುವುದು ನಿಲ್ಲುತ್ತದೆ, ಐದನೆಯ ವಾರಕ್ಕೆ ವಿದ್ಯಾರ್ಥಿಗಳಿಗೆ ಅದು ಗೊತ್ತಾಗುತ್ತದೆ. ಆಮೇಲೆ ಬರುವುದು ನಕಲು. ಆನ್‌ಲೈನ್ ಕಲಿಕೆಯ ನಿಜವಾದ ಬೆಲೆ ಪರವಾನಗಿ ಶುಲ್ಕದಲ್ಲಿಲ್ಲ. ಮರುಉತ್ತರಕ್ಕೆ ತಗಲುವ ಅಧ್ಯಾಪಕರ ಸಮಯದಲ್ಲಿದೆ. ಎಷ್ಟು ಉತ್ತರಿಸಲು ಸಾಧ್ಯವೋ ಅಷ್ಟನ್ನೇ ಕೇಳುವ ವಿಧಾನವನ್ನು ಆರಿಸಬೇಕು ಎಂಬುದು ಈ ಲೇಖನದ ಒಟ್ಟು ವಾದ. ಮುಂದಿನದೆಲ್ಲ ಅದರ ವಿವರ.

ಮೂರನೆಯದು ಡೇಟಾ ಮತ್ತು ಸಾಧನ. ಲೆಕ್ಕ ಸರಳ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಹರಿಯುವ ವಿಡಿಯೊ ಗಂಟೆಗೆ 450 ಎಂಬಿ ನುಂಗುತ್ತದೆ. 64 ಕಿಲೋಬಿಟ್‌ನ ಧ್ವನಿಗೆ ಗಂಟೆಗೆ ಸುಮಾರು 29 ಎಂಬಿ ಸಾಕು. ಹದಿನೈದು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಸಾಧನವನ್ನೂ ಮರೆಯಬಾರದು. ಮೊಬೈಲ್‌ನಲ್ಲಿ ಆಯ್ಕೆಯೊಂದನ್ನು ಒತ್ತುವುದು ಸುಲಭ, ಐನೂರು ಪದಗಳ ಉತ್ತರ ಬರೆಯುವುದು ಶಿಕ್ಷೆ.

ಉಳಿದ ಎರಡನ್ನು ಬೇಗ ಹೇಳಿಬಿಡಬಹುದು. ತರಗತಿಯ ಗಾತ್ರ: ಇಪ್ಪತ್ತು ಜನರಿಗೆ ಒಗ್ಗುವುದು ಇನ್ನೂರು ಜನರಿಗೆ ಒಗ್ಗುವುದಿಲ್ಲ. ದಾಖಲೆ: ವಿದ್ಯಾರ್ಥಿಗಳ ಹೆಸರು, ಅಂಕ, ಬರಹಗಳು ಎಲ್ಲಿ ಶೇಖರವಾಗುತ್ತವೆ, ನಾಳೆ ಆ ಸೇವೆಯನ್ನು ಬಿಟ್ಟರೆ ಅವು ನಿಮ್ಮ ಕೈಗೆ ಸಿಗುತ್ತವೆಯೇ ಎಂಬುದು.

ನೇರ ಆನ್‌ಲೈನ್ ತರಗತಿ

ಎಲ್ಲರೂ ಮೊದಲು ಹಿಡಿಯುವ ದಾರಿ ಇದು, ಏಕೆಂದರೆ ಹಳೆಯ ಉಪನ್ಯಾಸವನ್ನು ಹಾಗೆಯೇ ಎತ್ತಿ ಇಲ್ಲಿಡಬಹುದು. ತೊಂದರೆಯ ಮೂಲವೂ ಅದೇ. ಐವತ್ತು ನಿಮಿಷ ಸ್ಲೈಡ್ ಓದಿ, ಕೊನೆಗೆ "ಏನಾದರೂ ಸಂದೇಹವಿದೆಯೇ?" ಎಂದು ಕೇಳಿ, ಎಲ್ಲರೂ ಮ್ಯೂಟ್‌ನಲ್ಲಿರುವ ಪರದೆಯನ್ನು ನೋಡುತ್ತ ಕೂರುವುದಕ್ಕೆ ಅಂತರ್ಜಾಲದ ಅಗತ್ಯವೇ ಇಲ್ಲ.

ಈ ವಿಧಾನಕ್ಕೆ ಎರಡು ಬಲಗಳಿವೆ. ಸಂದೇಹಕ್ಕೆ ಅಲ್ಲೇ ಉತ್ತರ ಸಿಗುತ್ತದೆ. ನಿಗದಿತ ಹೊತ್ತು ಎಂಬುದೊಂದಿರುವುದರಿಂದ ಓದನ್ನು ಮುಂದೂಡುವವರು ಹಳಿಯ ಮೇಲಿರುತ್ತಾರೆ. ಬದಲಿಗೆ ತೆರಬೇಕಾದದ್ದು ಡೇಟಾ, ಸಮಯದ ಕಟ್ಟು ಮತ್ತು ದಣಿವು. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೊ ಸಭೆಗಳ ದಣಿವಿಗೆ ನಾಲ್ಕು ಕಾರಣಗಳನ್ನು ಮುಂದಿಟ್ಟರು: ತೀರಾ ಹತ್ತಿರದ ಎಡೆಬಿಡದ ಕಣ್ಣೋಟ, ಹೊತ್ತಿಡೀ ತನ್ನದೇ ಮುಖವನ್ನು ನೋಡುತ್ತಿರುವುದು, ಕುಳಿತಲ್ಲೇ ಕುಳಿತಿರುವುದು, ಹಾವಭಾವಗಳನ್ನು ಅರಿಯಲು ಮತ್ತು ತೋರಿಸಲು ಬೇಕಾಗುವ ಹೆಚ್ಚುವರಿ ಶ್ರಮ. ಕ್ಯಾಮೆರಾ ಏಕೆ ಆಫ್ ಮಾಡುತ್ತೀರಿ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಮೀಕ್ಷೆಯೊಂದು ವಿದ್ಯಾರ್ಥಿಗಳನ್ನೇ ಕೇಳಿತ್ತು. ತಾವು ಹೇಗೆ ಕಾಣುತ್ತೇವೋ ಎಂಬ ಅಳುಕು, ಹಿಂದೆ ಕಾಣುವ ಮನೆ ಮತ್ತು ಮನೆಯವರ ಬಗೆಗಿನ ಸಂಕೋಚ, ದುರ್ಬಲ ಸಂಪರ್ಕ, ಇವು ಅವರು ಕೊಟ್ಟ ಉತ್ತರಗಳಲ್ಲಿ ಸೇರಿದ್ದವು. ಕ್ಯಾಮೆರಾ ಕಡ್ಡಾಯ ಮಾಡಿದರೆ ಮುಖ ಕಾಣುತ್ತದೆ, ಮನಸ್ಸು ಎಲ್ಲಿದೆ ಎಂಬುದು ಕಾಣುವುದಿಲ್ಲ.

ಮೂವತ್ತಕ್ಕಿಂತ ಕಡಿಮೆ ಜನರಿರುವ, ಮಾತೇ ಮುಖ್ಯವಾದ ತರಗತಿಗೆ ಇದು ಒಳ್ಳೆಯ ಆಯ್ಕೆ. ಸಭೆಯೊಳಗೇ ಬೇರೆಯಾಗಿ ಮಾತನಾಡುವ ನಾಲ್ಕೈದು ಜನರ ಉಪಕೋಣೆಗಳಿಗೆ ಕಳುಹಿಸುವುದಾದರೆ ಕೈಯಲ್ಲಿ ಒಂದು ಕೆಲಸ ಕೊಟ್ಟೇ ಕಳುಹಿಸಿ: ಎಲ್ಲರೂ ತಿದ್ದಬಹುದಾದ ಒಂದು ಕಡತ, ಅದರಲ್ಲಿ ಹತ್ತು ನಿಮಿಷದೊಳಗೆ ತುಂಬಬೇಕಾದ ಮೂರು ಖಾನೆ. "ಚರ್ಚಿಸಿ ಬನ್ನಿ" ಎಂದಷ್ಟೇ ಹೇಳಿದರೆ ಉಪಕೋಣೆಯೊಳಗೂ ಅದೇ ಮೌನ. ಜೂಮ್‌ನ ಉಚಿತ ಯೋಜನೆಯಲ್ಲಿ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ ಎಂದು ಗೊಣಗುವವರಿದ್ದಾರೆ. ನನ್ನ ಮಟ್ಟಿಗೆ ಅದು ಅಧ್ಯಾಪಕರಿಗೆ ಆ ಕಂಪನಿ ಮಾಡಿದ ಉಪಕಾರ.

ರೆಕಾರ್ಡ್ ಮಾಡಿದ ವಿಡಿಯೊ ಪಾಠ

ವಿದ್ಯಾರ್ಥಿ ತನಗೆ ಬಿಡುವಾದಾಗ ನೋಡಬಹುದು, ನಿಲ್ಲಿಸಬಹುದು, ಮತ್ತೆ ನೋಡಬಹುದು. ಬೋಧನಾ ಭಾಷೆ ಮನೆಮಾತಲ್ಲದವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಆದರೆ ಉದ್ದದ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ 69 ಲಕ್ಷ ವೀಕ್ಷಣೆಗಳನ್ನು ವಿಶ್ಲೇಷಿಸಿದ 2014ರ ಅಧ್ಯಯನದ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿರಲಿ, ಕನಿಷ್ಠ ಅರ್ಧದಷ್ಟು ವೀಕ್ಷಣೆಗಳು ಆರು ನಿಮಿಷ ದಾಟುವುದಿಲ್ಲ. ಸ್ಟುಡಿಯೊದಲ್ಲಿ ದುಬಾರಿಯಾಗಿ ಚಿತ್ರಿಸಿದ್ದಕ್ಕಿಂತ ಮೇಜಿನ ಮುಂದೆ ಕುಳಿತು ಆಪ್ತವಾಗಿ ಮಾತನಾಡಿದ ವಿಡಿಯೊಗಳೇ ಹೆಚ್ಚು ಹಿಡಿದಿಟ್ಟವು. ಬರೀ ಸ್ಲೈಡ್‌ಗಿಂತ ಕೈಯಲ್ಲಿ ಬರೆಯುತ್ತ ವಿವರಿಸುವುದೂ ಮೇಲು ಎಂದು ಕಂಡುಬಂತು. ಕಡಿಮೆ ಬಜೆಟ್ಟಿನವರಿಗೆ ಇದು ಸಂತೋಷದ ಸುದ್ದಿ. ಒಬಿಎಸ್ ಸ್ಟುಡಿಯೊದಂಥ ಉಚಿತ ತಂತ್ರಾಂಶ ಮತ್ತು ಒಂದು ಸಾಧಾರಣ ಮೈಕ್ ಸಾಕು.

ಖರ್ಚು ಇರುವುದು ಸಮಯದಲ್ಲಿ. ಆರು ನಿಮಿಷದ ಒಳ್ಳೆಯ ಪಾಠಕ್ಕೆ ಬರವಣಿಗೆ, ರೆಕಾರ್ಡಿಂಗ್, ತಿದ್ದುವಿಕೆ, ಉಪಶೀರ್ಷಿಕೆ ಸೇರಿ ಅರ್ಧ ದಿನ ಹೋದರೂ ಆಶ್ಚರ್ಯವಿಲ್ಲ. ವರ್ಷ ವರ್ಷವೂ ಬದಲಾಗದ ವಿಷಯಗಳಿಗೆ, ಅಂದರೆ ಕಲನದ ಮೂಲತತ್ತ್ವ, ಸಂಖ್ಯಾಶಾಸ್ತ್ರದ ಪರಿಕಲ್ಪನೆಗಳು, ಪ್ರಯೋಗಾಲಯದ ಸುರಕ್ಷತೆ ಮುಂತಾದವಕ್ಕೆ ಆ ಶ್ರಮ ತಕ್ಕುದು. ಪ್ರತಿ ಸೆಮಿಸ್ಟರ್ ಬದಲಾಗುವ ಪಠ್ಯಕ್ಕೆ ಬೇಡ.

ವಿಡಿಯೊವನ್ನು ಮನೆಯಲ್ಲಿ ನೋಡಿಸಿ, ತರಗತಿಯಲ್ಲಿ ಸಮಸ್ಯೆ ಬಿಡಿಸುವ ತಲೆಕೆಳಗಾದ ತರಗತಿಯ ಪದ್ಧತಿ ಜನಪ್ರಿಯವಾದದ್ದು ಅಮೆರಿಕದ ಕೊಲರಾಡೊದ ಇಬ್ಬರು ಶಾಲಾ ರಸಾಯನಶಾಸ್ತ್ರ ಶಿಕ್ಷಕರು, ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್, 2007ರ ಸುಮಾರಿಗೆ ಅದನ್ನು ಕೈಗೊಂಡ ಮೇಲೆ. ಅದರ ಗುಟ್ಟು ವಿಡಿಯೊದಲ್ಲಿಲ್ಲ, ವಿಡಿಯೊದಿಂದ ಉಳಿದ ತರಗತಿಯ ಗಂಟೆಯಲ್ಲಿದೆ. ವಿಡಿಯೊ ನೋಡಿ ಬಂದವರಿಗೆ ಮತ್ತದೇ ಉಪನ್ಯಾಸ ಕೊಟ್ಟರೆ ಮುಂದಿನ ವಾರ ಯಾರೂ ನೋಡಿ ಬರುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಇನ್ನೊಂದು ಮಾತು: ಒಂದು ಗಂಟೆಯ ನೇರ ತರಗತಿಯ ರೆಕಾರ್ಡಿಂಗನ್ನು ಹಾಗೆಯೇ ಏರಿಸುವುದು ತಪ್ಪಿಸಿಕೊಂಡವರಿಗಾಗಿ ಮಾಡಿದ ವ್ಯವಸ್ಥೆಯೇ ಹೊರತು ವಿಡಿಯೊ ಪಾಠವಲ್ಲ.

ಮತ ಹಾಕಿಸುವುದು ಮತ್ತು ಕಿರುಪರೀಕ್ಷೆ

ಇದರ ಮೇಲೆ ನನಗೆ ಪಕ್ಷಪಾತವಿದೆ, ಕಾರಣ ಹೇಳುತ್ತೇನೆ. ಸಾಧನ ಅಗ್ಗ, ಡೇಟಾ ಅತ್ಯಲ್ಪ, ತರಗತಿ ದೊಡ್ಡದಾದಷ್ಟೂ ಲಾಭ, ಮರುಉತ್ತರವನ್ನು ಒಬ್ಬೊಬ್ಬರಿಗಲ್ಲದೆ ಎಲ್ಲರಿಗೂ ಒಟ್ಟಿಗೆ ಕೊಡಬಹುದು. ನನ್ನ ಎರಡನೆಯ ಅಳತೆಗೋಲಿನಲ್ಲಿ ಇಷ್ಟು ಸಲೀಸಾಗಿ ಪಾಸಾಗುವ ವಿಧಾನ ಬೇರೊಂದಿಲ್ಲ.

ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಾಜುರ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಕ್ರಮ ಹೀಗಿದೆ. ಸ್ವಲ್ಪ ಹೊತ್ತು ವಿವರಣೆ. ನಂತರ ಲೆಕ್ಕವಲ್ಲದ, ಪರಿಕಲ್ಪನೆಯನ್ನು ಕೆಣಕುವ ಒಂದು ಬಹುಆಯ್ಕೆಯ ಪ್ರಶ್ನೆ. ಎಲ್ಲರೂ ತಾವೊಬ್ಬರೇ ಯೋಚಿಸಿ ಮತ ಹಾಕುತ್ತಾರೆ. ಫಲಿತಾಂಶ ಅಧ್ಯಾಪಕರಿಗೆ ಮಾತ್ರ ಕಾಣುತ್ತದೆ. ಸರಿಯುತ್ತರ ಕೊಟ್ಟವರು ತೀರಾ ಕಡಿಮೆಯಿದ್ದರೆ ಮತ್ತೆ ವಿವರಿಸುತ್ತಾರೆ, ಹೆಚ್ಚಿದ್ದರೆ ಮುಂದೆ ಹೋಗುತ್ತಾರೆ. ಸುಮಾರು ಶೇ 30ರಿಂದ 70ರ ನಡುವೆ ಇದ್ದರೆ ವಿದ್ಯಾರ್ಥಿಗಳು ಪಕ್ಕದವರಿಗೆ ತಮ್ಮ ಉತ್ತರವನ್ನು ಸಮರ್ಥಿಸಿಕೊಳ್ಳಬೇಕು. ಆಮೇಲೆ ಮತ್ತೊಂದು ಮತ. ನಿಜವಾದ ಕಲಿಕೆ ನಡೆಯುವುದು ಎರಡು ಮತಗಳ ನಡುವಿನ ಆ ಗದ್ದಲದಲ್ಲಿ. ಇದಕ್ಕೆ ಮೆಂಟಿಮೀಟರ್ ಆದರೂ ಸರಿ, ಸಭೆಯ ಆ್ಯಪ್‌ನೊಳಗಿನ ಮತದಾನವಾದರೂ ಸರಿ. ಕೊಠಡಿಯಲ್ಲಿಯೇ ಕುಳಿತಿದ್ದರೆ ನಾಲ್ಕು ಬಣ್ಣದ ಕಾಗದದ ಚೀಟಿಗಳೂ ಸಾಕು.

ಕಹೂಟ್ ಬೇರೆ ಸ್ವಭಾವದ್ದು. ಗಡಿಯಾರ, ಸಂಗೀತ, ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ, ಮುಂದಿರುವವರ ಪಟ್ಟಿ. ಪಾರಿಭಾಷಿಕ ಪದಗಳ ನೆನಪು ಪರೀಕ್ಷಿಸಲು, ನಿದ್ದೆಗಣ್ಣಿನ ತರಗತಿಯನ್ನು ಎಬ್ಬಿಸಲು ಚೆನ್ನ. ಯೋಚಿಸಬೇಕಾದ ಪ್ರಶ್ನೆಗೆ ಅದನ್ನು ಬಳಸಬೇಡಿ. ನಿಧಾನವಾಗಿ ಸರಿಯಾಗಿ ಯೋಚಿಸುವವರಿಗೂ ನೆಟ್‌ವರ್ಕ್ ನಿಧಾನವಿರುವವರಿಗೂ ಅಲ್ಲಿ ಸಮಾನ ಅನ್ಯಾಯವಾಗುತ್ತದೆ. ವೇಗಕ್ಕೆ ಅಂಕ ಕೊಡುವ ವ್ಯವಸ್ಥೆಯನ್ನು ಅದರಲ್ಲೇ ಆಫ್ ಮಾಡಬಹುದು; ಮೊದಲು ಆ ಕೆಲಸ ಮಾಡಿ.

ತರಗತಿಯ ಹೊರಗಿನ ವಾರದ ಕಿರುಪರೀಕ್ಷೆಗೂ ಗಟ್ಟಿ ಆಧಾರವಿದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಓದಿದ್ದನ್ನೇ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ನೋಡಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ಯತ್ನಿಸಿದವರೇ ಮುಂದಿದ್ದರು. ಆದ್ದರಿಂದ ಐದು ಪ್ರಶ್ನೆ, ಕಡಿಮೆ ಅಂಕ, ಎರಡು ಮೂರು ಪ್ರಯತ್ನಗಳಿಗೆ ಅವಕಾಶ, ತಪ್ಪಿದ ಕೂಡಲೇ ಏಕೆ ತಪ್ಪು ಎಂಬ ಎರಡು ಸಾಲು. ಶ್ರಮವೆಲ್ಲ ಇರುವುದು ತಪ್ಪು ಆಯ್ಕೆಗಳನ್ನು ಬರೆಯುವುದರಲ್ಲಿ. ಯಾರೂ ಆರಿಸದ ಮೂರು ಪೆದ್ದು ಆಯ್ಕೆಗಳಿರುವ ಪ್ರಶ್ನೆ ವ್ಯರ್ಥ. ಹಳೆಯ ಉತ್ತರಪತ್ರಿಕೆಗಳಲ್ಲಿ ವಿದ್ಯಾರ್ಥಿಗಳು ನಿಜವಾಗಿ ಮಾಡಿದ ತಪ್ಪುಗಳನ್ನು ಆಯ್ದು ಆಯ್ಕೆಗಳನ್ನಾಗಿ ಮಾಡಿ.

ಒಂದು ಮಿತಿಯಂತೂ ಇದೆ. ವಾದ ಕಟ್ಟುವುದನ್ನು, ಕಾವ್ಯವನ್ನು ಅರ್ಥೈಸುವುದನ್ನು, ವಿನ್ಯಾಸ ರೂಪಿಸುವುದನ್ನು ಮತ ಹಾಕಿಸಿ ಕಲಿಸಲಾಗದು.

ಬರಹದ ಚರ್ಚೆ

ವಾದ ಕಟ್ಟುವುದು, ಅರ್ಥೈಸುವುದು ಮುಂತಾದವಕ್ಕೆ ಇದು ಬೇಕು. ಬಾಯಿ ತೆರೆಯಲು ಹಿಂಜರಿಯುವವರು, ಉತ್ತರಕ್ಕೆ ಮುನ್ನ ಎರಡು ದಿನ ಯೋಚಿಸುವವರು ಇಲ್ಲಿ ಅರಳುತ್ತಾರೆ. ಡೇಟಾ ಅತ್ಯಲ್ಪ ಸಾಕು. ಆದರೆ ಎಲ್ಲ ವಿಧಾನಗಳಿಗಿಂತ ಹೆಚ್ಚು ಅಧ್ಯಾಪಕರ ಸಮಯ ಬೇಡುವುದೂ ಇದೇ. ಒಬ್ಬೊಬ್ಬರೂ ಒಂದು ಬರಹ ಹಾಕಿ, ಇಬ್ಬರಿಗೆ ಪ್ರತಿಕ್ರಿಯಿಸಬೇಕು ಎಂಬ ಪ್ರಸಿದ್ಧ ನಿಯಮದ ಫಲ ಏನೆಂದು ಎಲ್ಲರಿಗೂ ಗೊತ್ತು: ಕೊನೆಯ ದಿನ ರಾತ್ರಿ "ತುಂಬಾ ಚೆನ್ನಾಗಿ ಬರೆದಿದ್ದೀರಿ, ನಾನೂ ಒಪ್ಪುತ್ತೇನೆ" ಎಂಬ ಸಾಲುಗಳ ಸುರಿಮಳೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಸಾಲುಗಳು ಇನ್ನಷ್ಟು ಸೊಗಸಾಗಿವೆ, ಅಷ್ಟೇ.

ಖಾಲಿ ವೇದಿಕೆಗಿಂತ ಪಠ್ಯದ ಅಂಚಿನಲ್ಲೇ ಟಿಪ್ಪಣಿ ಬರೆಸುವುದು ಉತ್ತಮ. ಹೈಪೋಥಿಸಿಸ್, ಪೆರುಸಾಲ್‌ನಂಥ ಸಾಧನಗಳಲ್ಲಿ ವಿದ್ಯಾರ್ಥಿ ಒಂದು ವಾಕ್ಯವನ್ನು ಗುರುತು ಮಾಡಿ ಅದರ ಪಕ್ಕದಲ್ಲೇ ಪ್ರಶ್ನೆ ಹಾಕುತ್ತಾರೆ. ಇನ್ನೊಬ್ಬರು ಅಲ್ಲೇ ಉತ್ತರಿಸುತ್ತಾರೆ. ಮಾತು ಪಠ್ಯಕ್ಕೆ ಅಂಟಿಕೊಂಡಿರುವುದರಿಂದ ಪೊಳ್ಳು ಹೊಗಳಿಕೆಗೆ ಜಾಗ ಕಡಿಮೆ. ತರಗತಿ ದೊಡ್ಡದಿದ್ದರೆ ಆರೆಂಟು ಜನರ ಗುಂಪು ಮಾಡಿ, ವಾರಕ್ಕೆ ಒಂದೆರಡು ಗುಂಪುಗಳಿಗೆ ಮಾತ್ರ ವಿವರವಾಗಿ ಉತ್ತರಿಸಿ. ಯಾವ ವಾರ ಯಾರ ಸರದಿ ಎಂದು ಮೊದಲೇ ಹೇಳಿಬಿಡಿ. ಎಲ್ಲರಿಗೂ ಒಂದೊಂದು ಸಾಲಿನ ಉತ್ತರ ಕೊಡುವುದಕ್ಕಿಂತ ಇದು ಪ್ರಾಮಾಣಿಕ.

ಹೊರಗಿನ ಸಿದ್ಧ ಕೋರ್ಸ್‌ಗಳು, ಮೆಸೇಜ್ ಗುಂಪುಗಳು

ಎಂಐಟಿ ತನ್ನ ಪಾಠಸಾಮಗ್ರಿಯನ್ನು ಜಗತ್ತಿಗೆ ಉಚಿತವಾಗಿ ತೆರೆದಿಡುವುದಾಗಿ ಘೋಷಿಸಿದ್ದು 2001ರಲ್ಲಿ. ಕೋರ್ಸೆರಾ, ಎಡ್‌ಎಕ್ಸ್ ಹುಟ್ಟಿದ 2012ರಲ್ಲಿ ಇನ್ನು ವಿಶ್ವವಿದ್ಯಾಲಯಗಳೇ ಬೇಡವೆಂಬ ಮಾತು ಕೇಳಿಬಂತು. ಎಂಐಟಿ ಮತ್ತು ಹಾರ್ವರ್ಡ್‌ನ ಎಡ್‌ಎಕ್ಸ್ ಕೋರ್ಸ್‌ಗಳನ್ನು ಪರಿಶೀಲಿಸಿದ 2019ರ ವರದಿಯ ಪ್ರಕಾರ 2017–18ರಲ್ಲಿ ನೋಂದಾಯಿಸಿದವರಲ್ಲಿ ಕೋರ್ಸ್ ಮುಗಿಸಿದವರು ಶೇ 3ರ ಆಸುಪಾಸು. ಪಾಠಗಳ ಗುಣಮಟ್ಟ ಇದಕ್ಕೆ ಕಾರಣವಲ್ಲ. ಬಿಟ್ಟುಹೋದರೆ ಕೇಳುವವರು ಯಾರೂ ಇರಲಿಲ್ಲ. ಹಾಗಾಗಿ ಇಡೀ ಕೋರ್ಸನ್ನು ವಿದ್ಯಾರ್ಥಿಗಳ ಹೆಗಲಿಗೆ ಹೊರಿಸಿ ಕೈತೊಳೆದುಕೊಳ್ಳಬೇಡಿ. ಅದರಿಂದ ಎರಡು ಒಳ್ಳೆಯ ಘಟಕಗಳನ್ನು ಎರವಲು ಪಡೆದು, ಪ್ರಶ್ನೆ ಮತ್ತು ಚರ್ಚೆಯನ್ನು ನೀವೇ ನಡೆಸಿ. ನೋಡುವುದು ಉಚಿತವಿದ್ದರೂ ಪ್ರಮಾಣಪತ್ರಕ್ಕೆ ಶುಲ್ಕವಿರಬಹುದು, ಮೊದಲೇ ವಿಚಾರಿಸಿ.

ವಾಟ್ಸ್‌ಆ್ಯಪ್ ಗುಂಪು ಸೂಚನೆ ತಲುಪಿಸಲು ಮಾತ್ರ. ಅಲ್ಲಿ ಪಾಠದ ಚರ್ಚೆ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ, ಪ್ರತಿಯೊಬ್ಬರ ದೂರವಾಣಿ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ನಡುರಾತ್ರಿಯ ಸಂದೇಹಕ್ಕೂ ಉತ್ತರ ನಿರೀಕ್ಷಿಸಲಾಗುತ್ತದೆ.

ಇದನ್ನೆಲ್ಲ ಇಡುವುದು ಎಲ್ಲಿ

ಮೂಡಲ್, ಗೂಗಲ್ ಕ್ಲಾಸ್‌ರೂಮ್, ಕ್ಯಾನ್ವಾಸ್ ಇವೆಲ್ಲ ಪಾಠ, ಪರೀಕ್ಷೆ, ಅಂಕಗಳನ್ನು ಒಂದೆಡೆ ಇಡುವ ಕಪಾಟುಗಳು. ಕಪಾಟು ಚೆಂದವಿದ್ದ ಮಾತ್ರಕ್ಕೆ ಯಾರೂ ಓದುವುದಿಲ್ಲ. ಮಾರ್ಟಿನ್ ಡೂಗಿಯಮಾಸ್ ರೂಪಿಸಿದ ಮೂಡಲ್‌ನ ಮೊದಲ ಆವೃತ್ತಿ 2002ರಲ್ಲಿ ಬಂತು. ಅದು ಮುಕ್ತ ತಂತ್ರಾಂಶ, ಕಿರುಪರೀಕ್ಷೆಯ ವ್ಯವಸ್ಥೆ ಬಹಳ ಬಲವಾದದ್ದು, ದಾಖಲೆ ನಿಮ್ಮ ಸರ್ವರ್‌ನಲ್ಲೇ ಉಳಿಯಬಹುದು. ಪರವಾನಗಿಗೆ ಹಣವಿಲ್ಲ, ಆದರೆ ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವವರ ಸಂಬಳ ಇದ್ದೇ ಇದೆ. 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ಅರ್ಧ ದಿನದಲ್ಲಿ ಕೈವಶವಾಗುತ್ತದೆ. ಸಂಕೀರ್ಣ ಪರೀಕ್ಷೆ, ಸೂಕ್ಷ್ಮ ಅಂಕಲೆಕ್ಕ ಬೇಕೆಂದರೆ ಸಾಲದು. ಸಂಸ್ಥೆ ಈಗಾಗಲೇ ಒಂದನ್ನು ನಡೆಸುತ್ತಿದ್ದರೆ ಅದರಲ್ಲೇ ಇರಿ. ಐದು ಅಧ್ಯಾಪಕರು ಐದು ವೇದಿಕೆ ಬಳಸಿದರೆ ಐದು ಗುಪ್ತಪದಗಳನ್ನು ನೆನಪಿಡಬೇಕಾದವರು ವಿದ್ಯಾರ್ಥಿಗಳು.

ಯಾರಿಗೆ ಯಾವುದು

ಇನ್ನೂರು ವಿದ್ಯಾರ್ಥಿಗಳು, ಹಣವಿಲ್ಲ, ಎಲ್ಲರ ಬಳಿ ಮೊಬೈಲ್ ಇದೆ: ತರಗತಿಗೆ ಎರಡು ಮೂರು ಮತಪ್ರಶ್ನೆ, ಯಂತ್ರವೇ ತಿದ್ದುವ ವಾರದ ಕಿರುಪರೀಕ್ಷೆ. ಬೇರೇನೂ ಬೇಡ.

ಇಪ್ಪತ್ತು ಜನರ ಸ್ನಾತಕೋತ್ತರ ತರಗತಿ: ಅಂಚಿನ ಟಿಪ್ಪಣಿ ಬರೆಸಿ, ಅದರಲ್ಲಿ ಎದ್ದ ಮೂರು ಜಗಳಗಳನ್ನು ಆರಿಸಿಕೊಂಡು ನೇರ ತರಗತಿ ನಡೆಸಿ. ಸ್ಲೈಡ್ ತರಲೇಬೇಡಿ.

ದುಡಿಯುತ್ತ ಓದುವವರು, ಸಂಪರ್ಕ ದುರ್ಬಲವಿರುವವರು ಹೆಚ್ಚಿದ್ದರೆ: ಇಳಿಸಿಕೊಳ್ಳಬಹುದಾದ ಕಿರು ವಿಡಿಯೊ, ಅದರದೇ ಧ್ವನಿ ಮಾತ್ರದ ಪ್ರತಿ, ಒಂದು ವಾರ ತೆರೆದಿರುವ ಕಿರುಪರೀಕ್ಷೆ. ನೇರ ತರಗತಿ ಸಂದೇಹಗಳಿಗೆ ಮೀಸಲಿರಲಿ, ಹಾಜರಾತಿ ಕಡ್ಡಾಯ ಬೇಡ.

ಒಬ್ಬರೇ ಮೂರು ಕೋರ್ಸ್ ನಡೆಸುವವರು ವಿಡಿಯೊ ತಯಾರಿಕೆಯ ಗೋಜಿಗೆ ಹೋಗದಿರುವುದು ಒಳ್ಳೆಯದು. ವಿಡಿಯೊ ಬೇರೆಯವರದಿರಲಿ, ಪ್ರಶ್ನೆ ನಿಮ್ಮದಿರಲಿ. ಪ್ರಯೋಗ, ಅಭಿನಯ, ಶುಶ್ರೂಷೆಯಂಥ ಕೈಕೆಲಸದ ಕೋರ್ಸ್‌ಗಳಲ್ಲಿ ಇದನ್ನೇ ತಿರುಗಿಸಿ: ವಿದ್ಯಾರ್ಥಿಗಳು ತಾವು ಮಾಡುವುದನ್ನು ಎರಡು ನಿಮಿಷ ಚಿತ್ರಿಸಿ ಕಳುಹಿಸಲಿ, ಸಹಪಾಠಿಯೊಬ್ಬರು ಪರಿಶೀಲನಾ ಪಟ್ಟಿ ಹಿಡಿದು ನೋಡಲಿ.

ಸಂಸ್ಥೆ ಸ್ವಲ್ಪ ಹಣ ಕೊಡುತ್ತದೆ ಎಂದಾದರೆ ನನ್ನ ಕ್ರಮ ಹೀಗೆ: ಮೊದಲು ಬೋಧನಾ ಸಹಾಯಕರ ಗಂಟೆಗಳು, ಆಮೇಲೆ ಮೈಕ್, ಆಮೇಲೆ ಉಪಶೀರ್ಷಿಕೆ ತಿದ್ದುವ ಕೆಲಸಕ್ಕೆ, ಕೊನೆಗೆ ಆ್ಯಪ್‌ಗಳ ಪಾವತಿ ಯೋಜನೆ. ಕ್ಯಾಮೆರಾ ಈ ಪಟ್ಟಿಯಲ್ಲಿಲ್ಲ.

ಆರಿಸಿದ್ದನ್ನು ಇಡೀ ಸೆಮಿಸ್ಟರಿಗೆ ಘೋಷಿಸುವ ಮುನ್ನ ಕ್ಯಾಂಪಸ್ಸಿನ ವೈಫೈ ಬಿಟ್ಟು, ಮೊಬೈಲ್ ಡೇಟಾದಲ್ಲಿ, ಸಿಗುವ ಅತಿ ಹಳೆಯ ಫೋನಿನಲ್ಲಿ ತೆರೆದು ನೋಡಿ. ಪರದೆ ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿರುವ ದೃಷ್ಟಿದೋಷವುಳ್ಳ ವಿದ್ಯಾರ್ಥಿ ಇದ್ದರೆ ಅವರಿಂದಲೇ ಪರೀಕ್ಷೆ ಮಾಡಿಸಿ. ಮೂರನೆಯ ವಾರ ವೇದಿಕೆಯ ದಾಖಲೆ ತೆರೆದು, ಒಮ್ಮೆಯೂ ಒಳಗೆ ಬಾರದವರ ಹೆಸರುಗಳನ್ನು ಬರೆದುಕೊಂಡು, ಒಬ್ಬೊಬ್ಬರನ್ನೂ ಮಾತನಾಡಿಸಿ. ಸಂಪರ್ಕ ಸಿಗುತ್ತಿಲ್ಲ ಎಂದರೆ ಕಡತಗಳ ಗಾತ್ರ ಇಳಿಸಿ, ಹೊತ್ತು ಹೊಂದುತ್ತಿಲ್ಲ ಎಂದರೆ ಗಡುವು ಸಡಿಲಿಸಿ, ಮೊದಲ ಪಾಠವೇ ಅರ್ಥವಾಗಲಿಲ್ಲ ಎಂದರೆ ಆ್ಯಪ್ ಬದಲಿಸುವ ಯೋಚನೆ ಬಿಟ್ಟು ಆ ಪಾಠವನ್ನು ಮತ್ತೆ ಹೇಳಿಕೊಡಿ.